ಬೋಣಿ ಗಿರಾಕಿಯ ನಾಲಿಗೆ

ನನ್ನ ನಾಲಿಗೆಯ ವಿಷಯ ಅಮೆರಿಕದ ಬಿಲಾಕ್ಸಿ ಊರಿನಲ್ಲಿ ಗೊತ್ತಿಲ್ಲದವರಿಲ್ಲ. ಗೊತ್ತಿಲ್ಲದವರು ಸಿಕ್ಕರೆ ನಾನೇ ನಿಲ್ಲಿಸಿಕೊಂಡು ಹೇಳುತ್ತಿದ್ದೆ. ಮೂವತ್ತೊಂದು ವರ್ಷ ಮೆಕ್ಸಿಕೋ ಕೊಲ್ಲಿಯಲ್ಲಿ ಸಿಗಡಿ ದೋಣಿ ನಡೆಸಿದವನು ನಾನು. ಮಂಜು ಕವಿದು ದಿಕ್ಕು ತಪ್ಪಿದ ದಿನ ಸಮುದ್ರದ ನೀರಿಗೆ ಬೆರಳದ್ದಿ ನೆಕ್ಕಿ, ಯಾವ ನದಿಯ ಬಾಯಿಗೆ ಬಂದಿದ್ದೇವೆಂದು ಹೇಳಿ, ಹಿಂದೆ ಬರುತ್ತಿದ್ದ ಹನ್ನೊಂದು ದೋಣಿಗಳನ್ನು ದಡ ಮುಟ್ಟಿಸಿದ್ದೇನೆ. ಬೆಂದ ಸಿಗಡಿಯನ್ನು ಬಾಯಿಗಿಟ್ಟರೆ ಅದು ಯಾವ ವಾರ ಬಲೆಗೆ ಬಿದ್ದದ್ದು, ಬೀಳುವಾಗ ಅದಕ್ಕೆ ಎಷ್ಟು ದುಃಖವಾಗಿತ್ತು ಎನ್ನುವವರೆಗೆ ಹೇಳುತ್ತಿದ್ದೆ. ಹನ್ನೊಂದು ದೋಣಿಯಲ್ಲ, ಒಂದೇ ದೋಣಿ ಎಂದು ಕಾನ್ ಹೇಳುತ್ತಾನೆ. ಕಾನ್ ದೋಣಿಗಳ ಇಂಜಿನ್ ರಿಪೇರಿ ಮಾಡುತ್ತಿದ್ದವನು, ನನ್ನ ಗೆಳೆಯ. ಗೆಳೆಯನಾಗಿದ್ದಕ್ಕೇ ಅವನ ಮಾತನ್ನು ಯಾರೂ ನಂಬಬಾರದು.

ಈ ನಾಲಿಗೆಗೆ ತಕ್ಕ ಸಾರು ಊರಲ್ಲಿ ಒಂದೇ ಕಡೆ ಸಿಗುತ್ತಿತ್ತು. ಅದು ಖಿಯೆಮ್‌ನ ಹೋಟೆಲು. ಎಂಟು ಮೇಜು, ಗೋಡೆಯ ಮೇಲೆ ನಾವೆಲ್ಲ ಬಿಟ್ಟುಬಂದ ದೇಶದಲ್ಲಿ ಖಿಯೆಮ್ ಹುಟ್ಟಿದ ಊರಿನ ನದಿಯ ಚಿತ್ರ, ಗಲ್ಲಾದ ಹಿಂದೆ ಕೆಂಪು ದೀಪದ ದೇವರ ಗೂಡು. ಅಡುಗೆಮನೆಯಲ್ಲಿ ಖಿಯೆಮ್, ಅವನ ಹೆಂಡತಿ ನ್ಯಾನ್. ಮೇಜುಗಳ ನಡುವೆ ಮಗಳು ಕ್ವೆನ್. ದನದ ಎಲುಬು, ಉರಿಯ ಮೇಲೆ ಕರಿಯಾಗುವವರೆಗೆ ಸುಟ್ಟ ಶುಂಠಿ ಮತ್ತು ಈರುಳ್ಳಿ, ಚಕ್ರಮೊಗ್ಗು, ದಾಲ್ಚಿನ್ನಿ, ಒಂದು ತುಂಡು ಕಲ್ಲುಸಕ್ಕರೆ. ಹನ್ನೆರಡು ಗಂಟೆ ಬೆಂದ ಆ ಸಾರನ್ನು ಅಕ್ಕಿ ಶಾವಿಗೆಯ ಮೇಲೆ ಹೊಯ್ದು ಮುಂದಿಟ್ಟರೆ ಸತ್ತವನು ಎದ್ದು ಕೂತು ಎರಡನೇ ಬಟ್ಟಲು ಕೇಳಬೇಕು. ದೊಡ್ಡ ಚಂಡಮಾರುತ ಬಂದಾಗ ಆ ಸಾರಿನ ಹಂಡೆಯನ್ನು ತಲೆಯ ಮೇಲೆ ಹೊತ್ತು ಎದೆಮಟ್ಟದ ನೀರಿನಲ್ಲಿ ಮೂರು ಮೈಲಿ ನಡೆದವನು ನಾನೇ. ಮೂರು ಮೈಲಿಯಲ್ಲ, ರಸ್ತೆ ದಾಟಿದ್ದು ಎಂದು ಕಾನ್ ಹೇಳುತ್ತಾನೆ. ಹೇಳಿಕೊಳ್ಳಲಿ.

ಹೋಟೆಲು ತೆರೆದ ದಿನದಿಂದ ಇಪ್ಪತ್ತಾರು ವರ್ಷ, ಅಲ್ಲಿಯ ಬೋಣಿ ಗಿರಾಕಿ ನಾನು. ಬೋಣಿ ಎಂದರೆ ನಮ್ಮಲ್ಲಿ ತಮಾಷೆಯಲ್ಲ. ದಿನದ ಮೊದಲ ಗಿರಾಕಿ ಹೊಸಿಲು ದಾಟುವಾಗ ಮುಖ ಅರಳಿರಬೇಕು, ಇಟ್ಟದ್ದನ್ನು ಪೂರ್ತಿ ತಿನ್ನಬೇಕು, ಒಂದೇ ಒಂದು ಕೊಂಕು ಮಾತು ಆಡಬಾರದು. ಆಡಿದರೆ ಆ ದಿನದ ವ್ಯಾಪಾರ ಮುಳುಗಿದಂತೆಯೇ. ಒಮ್ಮೆ ನನಗಿಂತ ಮುಂಚೆ ಕಾನ್ ನುಗ್ಗಿ ಬಂದು, ಶಾವಿಗೆ ಅಂಟಿಕೊಂಡಿದೆ ಎಂದು ಗೊಣಗಿದ್ದ. ಅವನು ಹೊರಗೆ ಹೋದ ಕೂಡಲೇ ನ್ಯಾನ್ ಹಳೆಯ ಪೇಪರ್ ಸುರುಳಿ ಸುತ್ತಿ ಬೆಂಕಿ ಹಚ್ಚಿ, ಹೊಸಿಲ ಮೇಲೆ ಆಡಿಸಿ, ಅವನ ಕಾಲ್ಗುಣವನ್ನು ಬೀದಿಗೆ ಅಟ್ಟಿದ್ದಳು. ಕಾನ್ ಕಿಟಕಿಯ ಹೊರಗೇ ನಿಂತಿದ್ದ.

"ಕಾಣಿಸ್ತಿದೆ ನ್ಯಾನ್, ನಾನಿನ್ನೂ ಇಲ್ಲೇ ಇದ್ದೀನಿ!"

"ಅದಕ್ಕೇ ಇನ್ನೊಂದು ಪೇಪರ್ ಹುಡುಕ್ತಿದ್ದೀನಿ," ಎಂದಿದ್ದಳು ನ್ಯಾನ್.

ಖಿಯೆಮ್ ಸತ್ತು ಒಂಬತ್ತು ವರ್ಷವಾಯಿತು. ಆಸ್ಪತ್ರೆಯಲ್ಲಿ, ಮಾತು ನಿಲ್ಲುವುದಕ್ಕೆ ಎರಡು ದಿನ ಮುಂಚೆ, ಹೆಂಡತಿಯ ಕೈಹಿಡಿದು, "ಸಾರು ಸರಿಯಿದ್ಯೋ ಇಲ್ವೋ ಅಂತ ಅನುಮಾನ ಬಂದ್ರೆ ಥ್ವಾಯ್ ಅಣ್ಣನ್ನ ಕೇಳು. ಅವನ ನಾಲಿಗೆ ಮರೆಯೋದಿಲ್ಲ," ಎಂದಿದ್ದ. ಥ್ವಾಯ್ ಎಂದರೆ ನಾನು. ಇದನ್ನು ಮಾತ್ರ ನಾನು ಹಿಗ್ಗಿಸಿ ಹೇಳುತ್ತಿಲ್ಲ. ಹಿಗ್ಗಿಸಿದ್ದಾಗಿದ್ದರೆ ಎಷ್ಟು ಚೆನ್ನಾಗಿತ್ತು.

ಅಂದಿನಿಂದ ಬೆಳಿಗ್ಗೆ ಏಳಕ್ಕೆ ನನ್ನ ಮುಂದೆ ಬಟ್ಟಲು ಬಂದರೆ, ನ್ಯಾನ್ ಸೌಟು ಹಿಡಿದುಕೊಂಡೇ ಅಡುಗೆಮನೆಯ ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು. ನಾನು ಖಾರದ ಸಾಸ್ ಹಾಕುವುದಿಲ್ಲ, ನಿಂಬೆ ಹಿಂಡುವುದಿಲ್ಲ. ಬರಿಯ ಸಾರು ಒಂದು ಚಮಚ. ಕಣ್ಣು ಮುಚ್ಚಿ, ಬಾಯೊಳಗೆ ತಿರುಗಿಸಿ, ನುಂಗಿ, ಆಕೆ ಉಸಿರು ಬಿಗಿಹಿಡಿಯುವಷ್ಟು ಹೊತ್ತು ಕಾಯಿಸಿ, ಆಮೇಲೆ ತಲೆದೂಗುತ್ತಿದ್ದೆ. ಆಗ ಅವಳು ಒಳಗೆ ಹೋಗುತ್ತಾ, ಬಾಗಿಲಿನ 'ಮುಚ್ಚಿದೆ' ಬೋರ್ಡನ್ನು 'ತೆರೆದಿದೆ' ಎಂದು ತಿರುಗಿಸಲು ಮಗಳಿಗೆ ಹೇಳುತ್ತಿದ್ದಳು. ನಾನು ತಲೆದೂಗದೆ ಆ ಹೋಟೆಲಿನಲ್ಲಿ ಸೂರ್ಯ ಹುಟ್ಟುತ್ತಿರಲಿಲ್ಲ.

ಮೂರು ಚಳಿಗಾಲದ ಹಿಂದೆ ನನಗೊಂದು ಜ್ವರ ಬಂತು. ಹೊಟ್ಟೆಯ ಮೇಲೆ ಮೊಟ್ಟೆ ಬೇಯಿಸಬಹುದಾಗಿತ್ತು, ಅಂಥ ಜ್ವರ. ಹನ್ನೊಂದನೇ ದಿನ ಎದ್ದು ಗಂಜಿ ಕುಡಿದೆ. ಗಂಜಿಗೆ ರುಚಿ ಇರಲಿಲ್ಲ. ಗಂಜಿಗೇನು ರುಚಿ, ಎಂದುಕೊಂಡೆ. ಉಪ್ಪಿನಕಾಯಿ ತಿಂದೆ. ಕಾಫಿ ಕುಡಿದೆ. ಕೊನೆಗೆ ಅಡುಗೆಮನೆಯಲ್ಲಿ ಬಾಗಿಲು ಹಾಕಿಕೊಂಡು ಸಮುದ್ರಕ್ಕಿಂತ ಉಪ್ಪಾದ ಮೀನಿನ ರಸದ ಬಾಟಲಿಯನ್ನೇ ಬಾಯಿಗೆ ಹಚ್ಚಿದೆ. ದೋಣಿಯಲ್ಲಿ ಹಾಕಿಕೊಳ್ಳುವ ರಬ್ಬರ್ ಬೂಟನ್ನು ನೆಕ್ಕಿದಂತಿತ್ತು. ರಬ್ಬರಿನ ರುಚಿಯೂ ಇರಲಿಲ್ಲ.

ವಾಪಸು ಬರುತ್ತದೆ ಎಂದು ವೈದ್ಯೆ ಹೇಳಿದಳು. ಒಂದು ವರ್ಷ ಕಾದೆ. ಆಮೇಲೆ ಕಾಯುವುದನ್ನು ಬಿಟ್ಟೆ. ಯಾರಿಗೂ ಹೇಳಲಿಲ್ಲ. ಏನೆಂದು ಹೇಳಲಿ? ದೋಣಿ ಮಾರಿದ್ದೆ. ಹೆಂಡತಿ ತೀರಿಕೊಂಡಿದ್ದಳು. ಬೆಳಿಗ್ಗೆ ಏಳಕ್ಕೆ ನಾನು ತಲೆದೂಗುವುದನ್ನು ಕಾಯುವವಳು ಒಬ್ಬಳು ಇದ್ದಳು, ಅಷ್ಟೇ. ಹಾಗಾಗಿ ಹೋದೆ, ಕೂತೆ, ಚಮಚ ಎತ್ತಿದೆ, ಕಣ್ಣು ಮುಚ್ಚಿದೆ. ನಾಲಿಗೆಗೆ ರುಚಿ ಇದ್ದಾಗಿನದಕ್ಕಿಂತ ಹೆಚ್ಚು ಹೊತ್ತು ಕಣ್ಣು ಮುಚ್ಚಿದೆ. ತಲೆದೂಗಿದೆ. ಸಾರಿನ ಬಣ್ಣ, ಮೇಲೆ ತೇಲುವ ಎಣ್ಣೆಯ ಕಣ್ಣುಗಳು, ನ್ಯಾನ್‌ಳ ಮುಖ, ಇವಿಷ್ಟನ್ನು ನೋಡಿಕೊಂಡು ಮಾತು ಹೊಸೆಯುತ್ತಿದ್ದೆ. "ಇವತ್ತು ಶುಂಠಿ ಸ್ವಲ್ಪ ಮುಂದೆ ಬಂದು ಕೂತಿದೆ ತಂಗಿ, ಆದ್ರೆ ಜಗಳ ಆಡ್ತಿಲ್ಲ," ಎನ್ನುತ್ತಿದ್ದೆ. ಅವಳು ಹಿಗ್ಗಿ, "ನೋಡಿದ್ಯಾ ಕ್ವೆನ್, ಒಂದು ತುಂಡು ಜಾಸ್ತಿ ಹಾಕಿದ್ದು ಗೊತ್ತಾಗೋಯ್ತು ಅವರಿಗೆ," ಎನ್ನುತ್ತಿದ್ದಳು. ಒಂದು ತುಂಡು ಜಾಸ್ತಿ ಯಾವಾಗಲೂ ಹಾಕಿರುತ್ತಿದ್ದಳು, ಪುಣ್ಯಾತ್ಗಿತ್ತಿ.

ಹೋದ ವರ್ಷ ಬೇಸಿಗೆಯಲ್ಲಿ ಮೇಜುಗಳು ಖಾಲಿಯಾಗತೊಡಗಿದವು. ಎಂಟರಲ್ಲಿ ಐದು, ಆಮೇಲೆ ಮೂರು. ಒಂದು ದಿನ ನಾನು ತಿಂದು ಹೊರಟಾಗ ಕ್ವೆನ್ ನನ್ನ ಹಿಂದೆಯೇ ಬಂದು, ಕಾರು ನಿಲ್ಲಿಸುವ ಜಾಗದಲ್ಲಿ ಹಿಡಿದಳು. ಮೂವತ್ನಾಲ್ಕು ವರ್ಷದ ಹೆಣ್ಣು, ಕಣ್ಣಿನ ಕೆಳಗೆ ಆಗಲೇ ಅಪ್ಪನ ಚೀಲಗಳು.

"ದೊಡ್ಡಪ್ಪ, ಒಂದು ಮಾತು ಕೇಳ್ತೀನಿ, ಸುತ್ತಿಬಳಸಿ ಹೇಳ್ಬೇಡಿ. ಅಮ್ಮನ ಸಾರು ಉಪ್ಪಾಗ್ತಿದೆಯಾ?"

"ಯಾರು ಹೇಳಿದ್ದು ಹಾಗೆ?"

"ಜನ ಅರ್ಧ ಬಿಟ್ಟು ಹೋಗ್ತಿದ್ದಾರೆ. ನಾನು ರುಚಿ ನೋಡಿದ್ರೆ ಒಂದಿನ ಸರಿ, ಮೂರು ದಿನ ಸಮುದ್ರ. ಅವರು ಉಪ್ಪು ಹಾಕಿದ್ದನ್ನ ಮರೆತು ಮತ್ತೆ ಹಾಕ್ತಾರೆ, ನಾನೇ ಕಣ್ಣಾರೆ ನೋಡಿದ್ದೀನಿ. ಹೇಳಿದ್ರೆ, 'ಬೆಳಿಗ್ಗೆ ಥ್ವಾಯ್ ಅಣ್ಣ ತಲೆದೂಗಿದ್ರಲ್ಲ, ನಿನ್ನ ನಾಲಿಗೆಯಲ್ಲೇ ದೋಷ' ಅಂತಾರೆ. ನೀವೊಂದು ಮಾತು ಹೇಳಿದ್ರೆ ಕೇಳ್ತಾರೆ. ಅಳೆದು ಹಾಕಿ ಅಂತ ಹೇಳಿ, ಸಾಕು. ಬೋಣಿ ಕೆಡುತ್ತೆ ಅಂತ ಸುಮ್ಮನಿದ್ದೀರಾ? ಮಧ್ಯಾಹ್ನ ಬಂದು ಹೇಳಿ."

ಅದೇ ಜಾಗ. ಅದೇ ಗಳಿಗೆ. 'ಮಗಳೇ, ನನಗೆ ಗೊತ್ತಾಗುವುದಿಲ್ಲ' ಎಂಬ ಇಷ್ಟೇ ಇಷ್ಟು ಮಾತು. ಎದೆಮಟ್ಟದ ನೀರಿನಲ್ಲಿ ಹಂಡೆ ಹೊತ್ತವನಿಗೆ ಅದನ್ನು ಎತ್ತಲಾಗಲಿಲ್ಲ.

"ಕ್ವೆನ್," ಎಂದೆ ದೊಡ್ಡ ಗಂಟಲಿನಲ್ಲಿ, "ಇಡೀ ಅಮೆರಿಕದಲ್ಲಿ ಇಂಥ ಸಾರು ಇನ್ನೊಂದಿಲ್ಲ. ಉಪ್ಪಲ್ಲಿ ಒಂದು ಹರಳು ಹೆಚ್ಚಾಗಿದ್ರೆ ನನಗೆ ಗೊತ್ತಾಗ್ತಿರ್ಲಿಲ್ವಾ? ಈ ನಾಲಿಗೆಗೆ? ಬರ್ಗರ್ ತಿಂದು ತಿಂದು ಜನರ ಬಾಯಿ ಕೆಟ್ಟಿದೆ ಅಷ್ಟೇ."

ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ, "ಸರಿ ದೊಡ್ಡಪ್ಪ," ಎಂದು ಒಳಗೆ ಹೋದಳು. ಇನ್ನೂ ನಾಲ್ಕು ತಿಂಗಳು ಅಮ್ಮ ಎರಡೆರಡು ಸಲ ಉಪ್ಪು ಹಾಕಿದಳು, ಮಗಳು ತನ್ನ ನಾಲಿಗೆಯನ್ನೇ ಅನುಮಾನಿಸಿದಳು, ನಾನು ತಲೆದೂಗಿದೆ.

ಚಳಿ ಶುರುವಾಗುವ ಹೊತ್ತಿಗೆ ಕ್ವೆನ್ ಗಟ್ಟಿಯಾಗಿ ನಿಂತಳು. ಡಬ್ಬಿಯಲ್ಲಿ ಸಾರಿನ ಗಟ್ಟಿ ಮಸಾಲೆ ಬರುತ್ತದೆ, ಬಿಸಿನೀರಿಗೆ ಕಲಸಿದರೆ ಆಯಿತು, ದಿನವೂ ಒಂದೇ ರುಚಿ. ಅದನ್ನೇ ಹಾಕೋಣ, ಇಲ್ಲದಿದ್ದರೆ ವಸಂತಕ್ಕೆ ಬಾಗಿಲು ಮುಚ್ಚಬೇಕು, ಎಂದಳು. ನ್ಯಾನ್ ಮೂರು ದಿನ ಮಗಳೊಡನೆ ಮಾತು ಬಿಟ್ಟಳು. ನಾಲ್ಕನೇ ದಿನ ತಾನೇ ಶರತ್ತು ಹಾಕಿದಳು.

"ನಿಮ್ಮಪ್ಪನ ತಿಥಿ ದಿನ ಎರಡು ಬಟ್ಟಲು ಇಡೋಣ. ನಿನ್ನ ಡಬ್ಬಿದೊಂದು, ನಂದೊಂದು. ಥ್ವಾಯ್ ಅಣ್ಣ ನಂದನ್ನ ಗುರುತು ಹಿಡಿದ್ರೆ ಆ ಡಬ್ಬಿ ಈ ಹೊಸಿಲು ದಾಟಬಾರ್ದು. ನಿನ್ನ ಡಬ್ಬಿನ ನಿಮ್ಮಪ್ಪನ ಸಾರು ಅಂದ್ರೆ, ನಾನು ಸೌಟು ಕೆಳಗಿಡ್ತೀನಿ. ಮತ್ತೆ ಮುಟ್ಟೋದಿಲ್ಲ."

ತಿಥಿಯ ದಿನ ಹೋಟೆಲಿಗೆ ರಜೆ. ಬೋಣಿಯ ಕಟ್ಟುಪಾಡು ನನ್ನ ಬಾಯಿ ಕಟ್ಟದಿರಲಿ ಎಂದು ಮಧ್ಯಾಹ್ನ ಎರಡಕ್ಕೆ ಕರೆದಿದ್ದರು. ಖಿಯೆಮ್‌ನ ಫೋಟೋದ ಮುಂದೆ ಒಂದು ಬಟ್ಟಲು ಸಾರು-ಶಾವಿಗೆ, ಒಂದು ಲೋಟ ಕಾಫಿ, ಹೊತ್ತಿಸಿಟ್ಟ ಒಂದು ಸಿಗರೇಟು. ಊದುಬತ್ತಿ ಪೂರ್ತಿ ಉರಿದು ಮುಗಿಯುವವರೆಗೆ, ಅಂದರೆ ಸತ್ತವನು ಉಂಡು ಏಳುವವರೆಗೆ, ಬದುಕಿದವರು ಬಾಯಿಗಿಡುವಂತಿಲ್ಲ. ನಾನು ಜೀವನದಲ್ಲಿ ಬಹಳ ಬಿರುಗಾಳಿ ನೋಡಿದ್ದೇನೆ. ಆ ಊದುಬತ್ತಿಯಷ್ಟು ನಿಧಾನವಾಗಿ ಯಾವುದೂ ನನ್ನ ಕಡೆ ಬಂದಿರಲಿಲ್ಲ.

"ಏನೋ ಥ್ವಾಯ್, ಬೆವರ್ತಿದೀಯ," ಎಂದ ಪಕ್ಕದಲ್ಲಿ ಕೂತಿದ್ದ ಕಾನ್.

"ನಿನ್ನ ಪಕ್ಕ ಕೂತ್ರೆ ಡೀಸೆಲ್ ನಾತಕ್ಕೇ ಬೆವರು ಬರುತ್ತೆ."

ಕ್ವೆನ್ ಎರಡು ಬಟ್ಟಲು ತಂದಿಟ್ಟಳು. ಶಾವಿಗೆ ಇಲ್ಲ, ಸೊಪ್ಪಿಲ್ಲ, ಬರಿಯ ಸಾರು. ಎಡಗಡೆಯದು ತಿಳಿ, ಹೊಂಬಣ್ಣ. ಬಲಗಡೆಯದು ಕಂದು. ನ್ಯಾನ್ ನನಗೆ ಸುಳಿವು ಸಿಗಬಾರದೆಂದು ಕುರ್ಚಿ ತಿರುಗಿಸಿಕೊಂಡು ಗೋಡೆಯ ಕಡೆ ಮುಖ ಮಾಡಿ ಕೂತಳು. ಅಂಥ ನ್ಯಾಯದ ಹೆಣ್ಣು. ಅವಳ ಬೆನ್ನು ಮಾತ್ರ ಕಾಣುತ್ತಿತ್ತು, ಕತ್ತಿನ ಹಿಂದೆ ಬಿಗಿಯಾಗಿ ಕಟ್ಟಿದ ಬಿಳಿ ಗಂಟು.

ಎಡಗಡೆಯದನ್ನು ಕುಡಿದೆ. ಬಿಸಿ. ಬಲಗಡೆಯದನ್ನು ಕುಡಿದೆ. ಬಿಸಿ.

ಕಣ್ಣು ಮುಚ್ಚಿ ಲೆಕ್ಕ ಹಾಕಿದೆ. ನ್ಯಾನ್‌ಳನ್ನು ಉಳಿಸಬೇಕು, ಅದೊಂದೇ ನನ್ನ ತಲೆಯಲ್ಲಿದ್ದದ್ದು, ಇದನ್ನು ನಂಬಿ. ಅವಳು ಶುಂಠಿ, ಈರುಳ್ಳಿಯನ್ನು ಕರಿಯಾಗುವಂತೆ ಸುಡುವವಳು, ಈ ವರ್ಷವಿಡೀ ನನ್ನ ಬಟ್ಟಲಿಗೆ ಬಂದದ್ದೂ ಕಂದು ಸಾರೇ, ಹಾಗಾಗಿ ಕಂದು ಬಣ್ಣ ಅವಳದೇ. ಒಂದು ಕಣ್ಣು ಚೂರು ತೆರೆದು ಕ್ವೆನ್‌ಳನ್ನು ನೋಡಿದೆ. ಅವಳು ಎಡಗಡೆಯ ಬಟ್ಟಲನ್ನೇ ನೋಡುತ್ತಿದ್ದಳು, ಕಣ್ಣು ತುಂಬಿಕೊಂಡಿತ್ತು. ತನ್ನ ಡಬ್ಬಿಯ ಸಾರಿನ ಮೇಲೆ ಇಷ್ಟು ಆಸೆಯೇ ಈ ಹುಡುಗಿಗೆ, ಎಂದುಕೊಂಡೆ. ಲೆಕ್ಕ ಕೂಡಿತು.

ಬಲಗಡೆಯ ಬಟ್ಟಲನ್ನು ಎರಡೂ ಕೈಯಿಂದ ಎತ್ತಿ ಖಿಯೆಮ್‌ನ ಫೋಟೋದ ಕಡೆ ಹಿಡಿದೆ.

"ಇದು," ಎಂದೆ. "ಕಣ್ಣು ಕಟ್ಟಿ ಸಮುದ್ರದ ತಳಕ್ಕೆ ಇಳಿಸಿದ್ರೂ ಇದನ್ನ ಗುರುತು ಹಿಡೀತೀನಿ. ಇದು ಖಿಯೆಮ್‌ನ ಸಾರು. ಒಂದು ಹನಿ ಆಚೀಚೆ ಇಲ್ಲ. ಆ ಇನ್ನೊಂದು ಇದ್ಯಲ್ಲ, ಪಾತ್ರೆ ತೊಳೆದ ನೀರು. ಅದನ್ನ ಮೋರಿಗೆ ಚೆಲ್ಲು ಕ್ವೆನ್."

ನ್ಯಾನ್ ಕುರ್ಚಿ ತಿರುಗಿಸಲಿಲ್ಲ. ಗೋಡೆಗೇ ಕೇಳಿದಳು:

"ಯಾವುದು ಕ್ವೆನ್? ಯಾವುದು ಎತ್ತಿದ್ರು?"

ಕ್ವೆನ್ ಅಮ್ಮನ ಕುರ್ಚಿಯ ಪಕ್ಕ ಹೋಗಿ ಮಂಡಿಯೂರಿದಳು.

"ಅಮ್ಮ, ಇಲ್ಲ," ಎಂದಳು. "ನಿಮ್ಮದೇ ಚೆನ್ನಾಗಿದೆ. ಇವತ್ತು ಸರಿಯಾಗಿದೆ ಅಮ್ಮ, ಅಪ್ಪ ಮಾಡ್ತಿದ್ದ ಹಾಗೇ ಇದೆ. ನಾನು ಒಳಗೇ ರುಚಿ ನೋಡ್ದೆ. ಡಬ್ಬಿ ಬೇಡ ನನಗೆ."

"ನೀನು ಮಗಳು. ಹಾಗೇ ಹೇಳ್ತೀಯ."

"ನನಗೂ ಎಡಗಡೆದೇ ಇಷ್ಟ ಆಯ್ತು," ಎಂದ ಕಾನ್, ಎರಡರಲ್ಲೂ ಚಮಚ ಅದ್ದಿ.

"ನೀವು ಅರ್ಧ ಬಾಟಲಿ ಖಾರ ಸುರ್ಕೊಂಡು ತಿನ್ನೋರು ಕಾನ್. ನಿಮಗೇನು ಗೊತ್ತು?" ನ್ಯಾನ್ ಎದ್ದಳು. ಅಡುಗೆಮನೆಗೆ ಹೋಗಿ ಸೌಟನ್ನು ತೊಳೆದು, ಒರೆಸಿ ತಂದು ಗಂಡನ ಫೋಟೋದ ಮುಂದೆ ಇಟ್ಟಳು. "ತಪ್ಪಾಯ್ತು," ಎಂದಳು ಅವನಿಗೆ. ಆಮೇಲೆ ನನ್ನ ಕಡೆ ತಿರುಗಿ, ಕೈಕಟ್ಟಿ, ತಲೆ ತಗ್ಗಿಸಿದಳು. "ಅಣ್ಣ, ನೀವು ನನ್ನ ಮುಖ ನೋಡಿ ಸುಳ್ಳು ಹೇಳ್ಲಿಲ್ಲ. ದೊಡ್ಡ ಉಪಕಾರ."

ಆಮೇಲೆ ಕ್ವೆನ್ ನನಗೆ ತೋರಿಸಿದಳು. ಒಲೆಯ ಪಕ್ಕದ ಕಿಟಕಿಯ ಕಟ್ಟೆಯ ಮೇಲೆ ಶಾವಿಗೆ ಎತ್ತಿ ತಿನ್ನುವ ಊಟದ ಕಡ್ಡಿಗಳ ಸಾಲು ಇತ್ತು. ಶುಂಠಿಗೆ ಒಂದು ಕಡ್ಡಿ, ಮೊಗ್ಗಿಗೆ ಒಂದು, ಉಪ್ಪಿಗೆ ಒಂದು. ಹಾಕಿದ್ದನ್ನು ಮರೆಯದಿರಲು ಆ ಮುದುಕಿ ಹಿಂದಿನ ದಿನವೆಲ್ಲ ಹಂಡೆಯ ಮುಂದೆ ನಿಂತು ಒಂದೊಂದಾಗಿ ಜೋಡಿಸಿಕೊಂಡಿದ್ದ ಕಡ್ಡಿಗಳು. ತಾನು ಮರೆಯುತ್ತಿರುವುದು ಅವಳಿಗೂ ಗೊತ್ತಿತ್ತು. ಉಪಾಯವನ್ನೂ ತಾನೇ ಕಂಡುಕೊಂಡಿದ್ದಳು.

"ಸೋಲೋಕೆ ಖುಷಿಯಾಗಿ ಕಾಯ್ತಿದ್ದೆ ದೊಡ್ಡಪ್ಪ," ಎಂದಳು ಕ್ವೆನ್. "ನಿಮಗೆ ಏನಾಯ್ತು?"

ಉಪ್ಪಿನ ಕಡ್ಡಿಯನ್ನು ಎತ್ತಿ, ತಿರುಗಿಸಿ ನೋಡಿ, ಮತ್ತೆ ಸಾಲಿನಲ್ಲಿಟ್ಟು ಮನೆಗೆ ಹೋದೆ.

ಒಂದು ತಿಂಗಳು ತಡೆದುಕೊಂಡೆ. ಡಬ್ಬಿಯ ಸಾರಿಗೆ ಜನ ವಾಪಸು ಬಂದರು, ಮೇಜುಗಳು ತುಂಬಿದವು. ನ್ಯಾನ್ ಅಡುಗೆಮನೆಗೆ ಕಾಲಿಡಲಿಲ್ಲ. ನನ್ನ ಮೇಜಿನ ಎದುರು ಕುರ್ಚಿಯಲ್ಲಿ ಕೂತು ಕಾಮಕಸ್ತೂರಿಯ ಎಲೆ ಬಿಡಿಸುವುದು, ಕಡ್ಡಿ ಮತ್ತು ಚಮಚವನ್ನು ಕಾಗದದಲ್ಲಿ ಸುತ್ತುವುದು. ಅಷ್ಟೇ ಅವಳ ಕೆಲಸ. ಎರಡು ವಾರಕ್ಕೆ ಅವಳ ಕೈಯಲ್ಲಿದ್ದ ಸುಟ್ಟ ಕಲೆಗಳು ಮಾಸಿದವು. ನನಗೆ ಆ ಕೈಗಳನ್ನು ನೋಡಲಾಗಲಿಲ್ಲ. ಒಂದು ಬೆಳಿಗ್ಗೆ ಹೇಳಿಬಿಟ್ಟೆ. ಜ್ವರ, ಮೀನಿನ ರಸ, ರಬ್ಬರ್ ಬೂಟು, ಮೂರು ವರ್ಷ, ಎಲ್ಲವನ್ನೂ. ಒಂದು ಅಕ್ಷರ ಹಿಗ್ಗಿಸದೆ ಹೇಳಿದೆ.

ನ್ಯಾನ್ ಎಲೆ ಬಿಡಿಸುವುದನ್ನು ನಿಲ್ಲಿಸಿ ಕೇಳಿದಳು. ಆಮೇಲೆ ನಕ್ಕಳು. ತಿಂಗಳಲ್ಲಿ ಮೊದಲ ಸಲ ನಕ್ಕಳು.

"ಇಪ್ಪತ್ತಾರು ವರ್ಷದಿಂದ ನೀವು ಹೇಳಿದ ಸುಳ್ಳುಗಳಲ್ಲಿ ಇದೇ ಚೆನ್ನಾಗಿದೆ ಅಣ್ಣ."

"ಸುಳ್ಳಲ್ಲ ತಂಗಿ! ಖಿಯೆಮ್ ಆಣೆ!"

"ಅವರ ಆಣೆ ಇಟ್ಟು ಹನ್ನೊಂದು ದೋಣಿ ದಡ ಮುಟ್ಟಿಸಿದ್ರಿ. ನನಗೆ ಸಮಾಧಾನ ಆಗ್ಲಿ ಅಂತ ನಿಮ್ಮ ನಾಲಿಗೆನೇ ಬಲಿ ಕೊಡ್ತಿದ್ದೀರಲ್ಲ. ಬೇಡಿ."

ಮೇಜಿನ ಮೇಲಿದ್ದ ಉಪ್ಪಿನ ಡಬ್ಬಿ ತೆಗೆದೆ. ಮುಚ್ಚಳ ಬಿಚ್ಚಿ ಅರ್ಧ ಡಬ್ಬಿಯನ್ನು ನನ್ನ ಬಟ್ಟಲಿಗೆ ಸುರಿದೆ. ಅವಳ ಕಣ್ಣೆದುರೇ ಬಟ್ಟಲೆತ್ತಿ ಗಟಗಟ ಕುಡಿದೆ. ಮುಖ ಕಿವುಚದೆ ಕುಡಿದೆ. ಕಿವುಚಲು ಕಾರಣವೇ ಇರಲಿಲ್ಲ. ಬಟ್ಟಲು ಕೆಳಗಿಟ್ಟು, "ನೋಡು!" ಎಂದೆ.

ನ್ಯಾನ್ ಅಳುತ್ತಿದ್ದಳು. ಎದ್ದು ಬಂದು ನನ್ನ ಕೈಯಿಂದ ಬಟ್ಟಲು ಕಿತ್ತುಕೊಂಡಳು.

"ನನಗೋಸ್ಕರ ಇಷ್ಟು ನಾಟಕನಾ? ಈ ವಯಸ್ಸಲ್ಲಿ, ಆ ರಕ್ತದೊತ್ತಡ ಇಟ್ಕೊಂಡು? ಹುಚ್ಚು ಅಣ್ಣ ನೀವು. ಕ್ವೆನ್, ನೀರು ತಗೊಂಡು ಬಾ!"

ಕ್ವೆನ್ ನೀರಿನ ಲೋಟ ಹಿಡಿದು ಆಗಲೇ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಅವಳು ಅಮ್ಮನನ್ನು ನೋಡುತ್ತಿರಲಿಲ್ಲ. ನನ್ನ ಬಾಯನ್ನು ನೋಡುತ್ತಿದ್ದಳು. ಅವಳಿಗೆ ಅರ್ಥವಾಗಿತ್ತು. ಕಾರು ನಿಲ್ಲಿಸುವ ಜಾಗ, ಆಮೇಲಿನ ನಾಲ್ಕು ತಿಂಗಳು, ತಿಥಿಯ ದಿನ, ಎಲ್ಲ ಒಂದೊಂದಾಗಿ ಅವಳ ಮುಖದಲ್ಲಿ ಹಾದುಹೋದವು.

ಅವಳೂ ಅಮ್ಮನಿಗೆ ಹೇಳಿದಳಂತೆ, ಅದೇ ದಿನ. ದೊಡ್ಡವರ ಬಗ್ಗೆ ಹಾಗೆ ಮಾತಾಡಬೇಡ ಎಂದು ಬೈಸಿಕೊಂಡಳಂತೆ. ಸೌಟು ಫೋಟೋದ ಮುಂದಿನಿಂದ ಕದಲಲಿಲ್ಲ.

ಈಗಲೂ ಬೆಳಿಗ್ಗೆ ಏಳಕ್ಕೆ ನಾನೇ ಬೋಣಿ. ಕ್ವೆನ್ ತಾನೇ ಬಟ್ಟಲು ತಂದಿಡುತ್ತಾಳೆ. ಮೇಲೆ ಈರುಳ್ಳಿ ಸೊಪ್ಪು, ಕಾಮಕಸ್ತೂರಿ ದಟ್ಟವಾಗಿ ಹೊದಿಸಿರುತ್ತಾಳೆ. ಚಮಚದಿಂದ ಸೊಪ್ಪು ಸರಿಸಿ ನೋಡುತ್ತೇನೆ. ಎಣ್ಣೆಯ ಒಂದು ಕಣ್ಣೂ ಇಲ್ಲ. ಬಟ್ಟಲ ತಳದ ನೀಲಿ ಹೂವು ಸ್ಪಷ್ಟವಾಗಿ ಕಾಣುತ್ತದೆ. ಸಾರಲ್ಲ, ಬರಿಯ ಬಿಸಿನೀರು, ಶಾವಿಗೆ. ಹಾಗೆ ಬಂದ ಮೊದಲ ದಿನ ತಲೆಯೆತ್ತಿ ಅವಳನ್ನು ನೋಡಿದೆ. ಅವಳು ಕಣ್ಣು ಮಿಟುಕಿಸಲಿಲ್ಲ. ಅಂದಿನಿಂದ ನೋಡುವುದಿಲ್ಲ.

ಎದುರು ಕೂತ ನ್ಯಾನ್ ಎಲೆ ಬಿಡಿಸುತ್ತಾ ಕೇಳುತ್ತಾಳೆ:

"ಹೇಗಿದೆ ಅಣ್ಣ ಇವತ್ತು?"

ನಾನು ಕಣ್ಣು ಮುಚ್ಚುತ್ತೇನೆ. ಬಾಯೊಳಗೆ ತಿರುಗಿಸುತ್ತೇನೆ. ಕ್ವೆನ್ ನನ್ನ ಕುರ್ಚಿಯ ಹಿಂದೆಯೇ ನಿಂತಿರುತ್ತಾಳೆ, ಕೇಳಿಸಿಕೊಂಡೇ ಹೋಗಬೇಕೆಂದು.

"ಖಿಯೆಮ್ ಕೈ ರುಚಿ ತಂಗಿ," ಎನ್ನುತ್ತೇನೆ. "ಒಂದು ಹನಿ ಆಚೀಚೆ ಇಲ್ಲ."

ಆಗ ಕ್ವೆನ್ ಬಾಗಿಲಿಗೆ ಹೋಗಿ ಬೋರ್ಡು ತಿರುಗಿಸುತ್ತಾಳೆ.